ಅಡ್ಡಕೊಂಬೆ

ಜನವರಿ ೧೪

ಈ ನೋಟುಪುಸ್ತಕ ಆಸ್ಪತ್ರೆಯ ನರ್ಸಮ್ಮ ಕೊಟ್ಟಿದ್ದು. ದಿನಾ ಬೆಳಿಗ್ಗೆ ರಕ್ತದೊತ್ತಡ ನೋಡಿಕೊಂಡು ಇದರಲ್ಲಿ ಬರೆಯಬೇಕಂತೆ. ಇವತ್ತು ೧೭೦. ಕೆಳಗಿನ ಅಂಕಿ ಮರೆತೆ. ಅಲ್ಲಿಗೆ ಬರೆದಾಯಿತು. ಉಳಿದ ಹಾಳೆ ಖಾಲಿ ಬಿಡಲು ಮನಸ್ಸಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇಷ್ಟೊಂದು ಬಿಳಿ ಕಾಗದ ಯಾರೂ ಕೊಟ್ಟಿರಲಿಲ್ಲ.

ಒತ್ತಡ ಯಾಕೆ ಏರಿದೆ ಎಂದು ಕೇಳಿದಳು. ಮೀನು ಸಿಗುತ್ತಿಲ್ಲ, ಅದಕ್ಕೆ ಎಂದೆ. ನಕ್ಕಳು. ನಗುವ ಮಾತಲ್ಲ. ನಾವು ಸಮುದ್ರ ಎಂದು ಕರೆಯುವ ಈ ಜಲಾಶಯ, ಅಣೆಕಟ್ಟು ಬರುವ ಮೊದಲು ಬರೀ ಹುಲ್ಲುಗಾವಲು. ನಮ್ಮಪ್ಪ ಇಲ್ಲೇ ಹುಲ್ಲು ಕೊಯ್ದವನು. ಹುಲ್ಲುಗಾವಲಿನ ತಳ ಹೇಗಿರುತ್ತದೆ? ತಟ್ಟೆ ಇದ್ದ ಹಾಗೆ. ಮೇಲೆ ಮಂಜುಗಡ್ಡೆಯೂ ತಟ್ಟೆ, ಕೆಳಗೆ ಕೆಸರೂ ತಟ್ಟೆ. ಎಲ್ಲಿ ಕೊರೆದರೂ ಮೂರೂವರೆ ಮೀಟರು ನೀರು. ಗುಂಡಿಯಿಲ್ಲ, ದಿಬ್ಬವಿಲ್ಲ, ಒಂದು ಮರದ ಬುಡವೂ ಇಲ್ಲ. ಪರ್ಚ್ ಮೀನಿಗೆ ಒಂದು ಕಡೆ ನಿಲ್ಲಲು ಏನಾದರೂ ನೆಪ ಬೇಕು. ಇಲ್ಲಿ ನೆಪ ಸಿಗದೆ ಹಿಂಡುಹಿಂಡಾಗಿ ಅಲೆಯುತ್ತಿರುತ್ತದೆ. ಅದರ ಹಿಂದೆ ನಾನೂ ಬೈರಿಗೆ ಹಿಡಿದು ಅಲೆಯುತ್ತೇನೆ.

ಇವತ್ತು ನಲವತ್ತೊಂದು ತೂತು ಕೊರೆದೆ. ಹೆಬ್ಬೆರಳಿನಷ್ಟು ಮೂರು ಮರಿ ಸಿಕ್ಕವು. ನನ್ನ ಹೆಂಡತಿ ತಮಾರಾಳ ತಮ್ಮ ಪ್ರೋಖೋರ್ ಪಟ್ಟಣದಿಂದ ಒಂದು ಯಂತ್ರ ತಂದಿದ್ದಾನೆ. ತೂತಿನೊಳಗೆ ಇಳಿಬಿಟ್ಟರೆ ನೀರಿನಡಿಯಲ್ಲಿ ಏನಿದೆ ಎಂದು ಗಾಜಿನ ಮೇಲೆ ಬರೆದು ತೋರಿಸುತ್ತದಂತೆ. ತೋರಿಸಿದ. ಮೇಷ್ಟರು ಸ್ಲೇಟಿನ ಮೇಲೆ ಎಳೆದ ಗೀಟಿನಂತೆ ಒಂದು ನೇರ ಗೆರೆ.

"ನೋಡು ಭಾವ, ತಳ ಎಷ್ಟು ಚೆನ್ನಾಗಿ ಕಾಣ್ತಾ ಇದೆ!"

"ತಳ ಚಪ್ಪಟೆ ಅಂತ ತಿಳಿಯೋಕೆ ಯಂತ್ರ ಬೇಕೇನೋ? ನನ್ನ ಕೇಳಿದ್ರೆ ಪುಕ್ಕಟೆ ಹೇಳ್ತಿದ್ದೆ."

"ಇರ್ಲಿ, ನಿನ್ನ ಪೆಟ್ಟಿಗೇಲಿ ಎಷ್ಟಿದೆ?"

"ನಿನ್ನ ಯಂತ್ರದಲ್ಲಿ ಎಷ್ಟಿದೆ?"

ಮನೆಯಲ್ಲಿ ತಮಾರಾ ಬಾಣಲೆಗೆ ಎಣ್ಣೆ ಹಾಕಿ ಕಾಯುತ್ತಿದ್ದಳು. ಪೆಟ್ಟಿಗೆಯೊಳಗೆ ಇಣುಕಿ, ಬಾಣಲೆ ಇಳಿಸಿದಳು. "ಮುದುಕ, ನೀನು ಅಲ್ಲಿಗೆ ಮೀನು ಹಿಡಿಯೋಕೆ ಹೋಗ್ತೀಯೋ, ನನ್ನ ಮುಖ ತಪ್ಪಿಸೋಕೆ ಹೋಗ್ತೀಯೋ?"

ಎರಡಕ್ಕೂ ಎಂದೆ. ಊಟಕ್ಕೆ ಆಲೂಗಡ್ಡೆ.

ಜನವರಿ ೧೯

ಯೇಸುವಿನ ದೀಕ್ಷಾಸ್ನಾನದ ಹಬ್ಬ. ಪಾದ್ರಿ ಬಂದು ದಡದ ಹತ್ತಿರ ಕೊರೆದ ಹೊಂಡದ ನೀರಿಗೆ ಶಿಲುಬೆ ಅದ್ದಿದ. ಊರಿನ ಅರ್ಧ ಜನ ಅಂಗಿ ಬಿಚ್ಚಿ ಮುಳುಗಿ ಎದ್ದು ಕಿರುಚಿದರು. ನಾನು ಮುಳುಗಲಿಲ್ಲ. ೧೭೫ ಇದೆ.

ಜನ ಹೋದ ಮೇಲೆ ಮಂಜುಗಡ್ಡೆಯ ಕಾವಲುಗಾರ ರಿನಾತ್ ಬಂದು ಹೊಂಡದ ನಾಲ್ಕು ಕಡೆಗೂ ಅಡ್ಡಕೊಂಬೆ ನೆಟ್ಟ. ಮುಸಲ್ಮಾನ ತಾತಾರನಾದರೂ ನಮ್ಮ ಪಾದ್ರಿಗಿಂತ ಹೆಚ್ಚು ಶ್ರದ್ಧೆಯಿಂದ ಆ ಕೆಲಸ ಮಾಡುತ್ತಾನೆ. ನಮ್ಮಲ್ಲಿ ಗಡ್ಡೆಯ ಮೇಲೆ ಒಂದೇ ಫರ್ ಮರದ ಕೊಂಬೆ ನೆಟ್ಟಗೆ ನಿಂತಿದ್ದರೆ ಅದು ದಾರಿ. ಎರಡು ಕೊಂಬೆ ಒಂದಕ್ಕೊಂದು ಅಡ್ಡವಾಗಿ ನಿಂತಿದ್ದರೆ, ಕೆಳಗೆ ನೀರು ಬಾಯಿ ತೆರೆದಿದೆ, ಬರಬೇಡ. ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಇದನ್ನು ಕಲಿಸುತ್ತೇವೆ. ನಮ್ಮಪ್ಪ ನನ್ನ ಬೆನ್ನಿಗೆ ಎರಡು ಬಿಟ್ಟು ಕಲಿಸಿದ್ದ.

ಜನವರಿ ೨೩

ಸಿಕ್ಕಿತು!

ಹಾಲಿನ ಕಾರ್ಖಾನೆಯ ಚಿಮಣಿಗೆ ಬೆನ್ನು ಕೊಟ್ಟು ಎರಡು ಸಾವಿರದ ಇನ್ನೂರು ಹೆಜ್ಜೆ ನಡೆದೆ. ಅಲ್ಲಿಂದ ಇಪ್ಪತ್ತು ಹೆಜ್ಜೆಗೊಂದು ತೂತು. ನಾನು ಸೀಸದ ಗುಂಡನ್ನು ತಳಕ್ಕೆ ಬಿಟ್ಟು, ಕೈಗವಸು ತೆಗೆದು, ದಾರವನ್ನು ಬೆರಳ ಮೇಲೆ ಹಿಡಿದುಕೊಳ್ಳುತ್ತೇನೆ. ಕೆಸರಾದರೆ ಗುಂಡು ಸದ್ದಿಲ್ಲದೆ ಕೂರುತ್ತದೆ, ಬೆರಳಿಗೆ ಏನೂ ತಿಳಿಯುವುದಿಲ್ಲ. ಇಪ್ಪತ್ತೇಳನೇ ತೂತಿನಲ್ಲಿ ಬೆರಳಿಗೆ ಟಕ್ ಎಂದಿತು. ಎತ್ತಿ ಮತ್ತೆ ಬಿಟ್ಟೆ. ಟಕ್. ಜಲ್ಲಿಕಲ್ಲು! ಪಕ್ಕಕ್ಕೆ ಮೂರು ಹೆಜ್ಜೆ ಸರಿದು ಕೊರೆದೆ, ಕೆಸರು. ಈ ಕಡೆ ಕೊರೆದೆ, ಕೆಸರು. ಉದ್ದಕ್ಕೆ ಕೊರೆದೆ, ಟಕ್. ಹುಲ್ಲಿನ ಗಾಡಿಗಳು ಓಡಾಡುತ್ತಿದ್ದ ದಾರಿ ಇರಬೇಕು. ಸುತ್ತಲ ತಳಕ್ಕಿಂತ ಒಂದು ಗೇಣು ಎತ್ತರ, ಅಷ್ಟೇ. ಪ್ರೋಖೋರನ ಯಂತ್ರಕ್ಕೆ ಗೇಣು ಲೆಕ್ಕವೇ ಅಲ್ಲ. ಪರ್ಚಿಗೆ ಅದೇ ಬೆಟ್ಟ.

ಗಾಳಕ್ಕೆ ಎರಡು ಕೆಂಪು ಹುಳು ಚುಚ್ಚಿ, ನಡುಗಿಸುತ್ತಾ ಮೇಲಕ್ಕೆ ಎತ್ತಿದೆ. ಮೊಳದಷ್ಟು ಎತ್ತುವುದರೊಳಗೆ ಕೋಲಿನ ತುದಿ ಬಗ್ಗಿತು. ಮೂವತ್ತನಾಲ್ಕು ಮೀನು. ಅಂಗೈಗಿಂತ ಅಗಲ, ಮೈಮೇಲೆ ಹುಲಿಪಟ್ಟೆ, ರೆಕ್ಕೆಗಳು ಕೆಂಡದ ಬಣ್ಣ. ಬೆನ್ನಿನ ಮುಳ್ಳು ಚುಚ್ಚಿ ಕೈಯೆಲ್ಲ ರಕ್ತ. ಮನೆಗೆ ಬರುವವರೆಗೆ ನೋವು ಗೊತ್ತಾಗಲಿಲ್ಲ.

ತಮಾರಾ ಕುದಿನೀರಿಗೆ ಹಾಕಿ ಹುರುಪೆ ಕೆರೆಯುತ್ತಾ ಗೊಣಗಿದಳು. ಗೊಣಗುವಾಗ ಹಾಡಿನ ಧಾಟಿ ಇತ್ತು.

೧೫೦.

ಜನವರಿ ೨೬

ಪ್ರೋಖೋರ್ ನನ್ನ ಹೆಜ್ಜೆಗುರುತು ಹಿಡಿದು ಬರುತ್ತಿದ್ದಾನೆ. ಇವತ್ತು ಬೇಕೆಂದೇ ಬೇರೆ ದಿಕ್ಕಿಗೆ ಹೋಗಿ ಮೂರು ತಾಸು ಸುಮ್ಮನೆ ಕೆಸರಿನ ಮೇಲೆ ಕೂತೆ. ಅವನೂ ನೂರು ಹೆಜ್ಜೆ ದೂರದಲ್ಲಿ ಕೂತ. ಇಬ್ಬರೂ ಹೆಪ್ಪುಗಟ್ಟಿದೆವು.

"ಭಾವ, ಮೊನ್ನೆ ಮೂವತ್ತು ಹಿಡಿದ್ಯಂತೆ. ಅಕ್ಕ ಹೇಳಿದ್ಳು. ಎಲ್ಲಿ?"

"ನೀರಲ್ಲಿ."

"ಒಳಗೇ ಇಟ್ಕೊಂಡು ಸಾಯ್ತೀಯಲ್ಲ!"

ಅವನಿಗೆ ಹೇಳಿದರೆ ಬಾಯಿ ನಿಲ್ಲುವುದಿಲ್ಲ. ನಾಳೆ ನಾಲ್ಕು ಜನ, ನಾಡಿದ್ದು ನಲವತ್ತು. ಒಂದು ಗೇಣಿನ ಜಲ್ಲಿ ದಾರಿ ಒಂದು ವಾರವೂ ತಾಳದು. ಜಾಗ ನನ್ನ ಬೆರಳು ಹುಡುಕಿದ್ದು. ಯಾಕೆ ಹಂಚಬೇಕು?

ಜನವರಿ ೨೭

ಕಾಡಂಚಿನಲ್ಲಿ ಎಂಟು ಕೊಂಬೆ ಕಡಿದುಕೊಂಡು ಹೋದೆ. ನನ್ನ ಜಾಗದ ನಾಲ್ಕೂ ಕಡೆಗೆ ಅಡ್ಡಕೊಂಬೆ ನೆಟ್ಟೆ.

ಗಡ್ಡೆ ಅಲ್ಲಿ ಮೊಣಕೈ ದಪ್ಪ ಇದೆ, ಲಾರಿ ಓಡಿಸಬಹುದು. ಯಾರಿಗೂ ನಷ್ಟವಿಲ್ಲ. ಜನ ಸುತ್ತು ಹಾಕಿಕೊಂಡು ಹೋಗುತ್ತಾರೆ, ಅಷ್ಟೇ.

ಫೆಬ್ರವರಿ ೩

ಚೆನ್ನಾಗಿ ನಡೆಯುತ್ತಿದೆ. ಮಬ್ಬುಬೆಳಕಿನಲ್ಲೇ ಹೋಗಿ, ಹತ್ತು ಗಂಟೆಗೆ ಎದ್ದು ಬಂದುಬಿಡುತ್ತೇನೆ. ಇವತ್ತು ಪ್ರೋಖೋರ್ ದೂರದಿಂದ ಬರುವುದು ಕಂಡು, ಎದ್ದು ಅತ್ತ ಸರಿದು ನಿಂತೆ. ಅವನು ಕೊಂಬೆ ನೋಡಿದವನೇ ಗಕ್ಕನೆ ನಿಂತು, ದೊಡ್ಡ ಸುತ್ತು ಹಾಕಿ ಬಂದ.

"ಹುಷಾರು ಭಾವ, ಅಲ್ಲೆಲ್ಲೋ ಗಡ್ಡೆ ಕೆಟ್ಟಿದೆ. ರಿನಾತ್ ಗುರುತು ಹಾಕಿದಾನೆ."

"ಹೌದಾ? ನಾನು ನೋಡ್ಲೇ ಇಲ್ಲ" ಎಂದೆ.

ಅವನು ಹೋದ ಮೇಲೆ ಬಹಳ ಹೊತ್ತು ನಗು ಬಂತು. ಆಮೇಲೆ ನಿಂತಿತು. ಅವನು ನನಗೆ ಹುಷಾರು ಎಂದನಲ್ಲ. ಹೇಳದೆಯೂ ಹೋಗಬಹುದಿತ್ತು.

ಇಪ್ಪತ್ತೆರಡು ಮೀನು.

ಫೆಬ್ರವರಿ ೧೧

ಸಿಕ್ಕಿಬಿದ್ದೆ. ಮಂಜು ಕವಿದಿತ್ತು. ಎದುರಿಗೆ ಬಂದು ನಿಲ್ಲುವವರೆಗೆ ಪ್ರೋಖೋರ್ ಕಾಣಲಿಲ್ಲ. ನಾನು ನಾಲ್ಕು ಅಡ್ಡಕೊಂಬೆಗಳ ನಡುವೆ ಪೆಟ್ಟಿಗೆಯ ಮೇಲೆ ಕೂತಿದ್ದೆ, ಕಾಲ ಬಳಿ ಹದಿನೈದು ಪರ್ಚ್ ಒದ್ದಾಡುತ್ತಿದ್ದವು. ಅವನು ಒಮ್ಮೆ ಕೊಂಬೆ ನೋಡಿದ, ಒಮ್ಮೆ ನನ್ನನ್ನು ನೋಡಿದ. ಆಮೇಲೆ ನಗಲು ಶುರು ಮಾಡಿದ. ಬಗ್ಗಿ, ಮೊಣಕಾಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು.

"ಅಯ್ಯೋ ಕಳ್ಳ ಮುದುಕ! ಗಡ್ಡೆ ಕೆಟ್ಟಿದ್ಯಾ ಇಲ್ಲಿ? ನಾನು ದಿನಾ ಅರ್ಧ ಮೈಲಿ ಸುತ್ಕೊಂಡು ಹೋಗ್ತಿದ್ನಲ್ಲೋ!"

ಕೇಳದೆ ಮೂರು ತೂತು ಕೊರೆದು ಕೂತ. ಒಂಬತ್ತು ಹಿಡಿದ. ಒಂದೊಂದು ಎತ್ತುವಾಗಲೂ "ಇದು ರಿನಾತ್‌ಗೆ, ಇದು ಕೊಂಬೆಗೆ" ಎನ್ನುತ್ತಿದ್ದ. ನನ್ನ ತಲೆಯೊಳಗೆ ರಕ್ತ ಕುದಿಯಿತು.

"ಎದ್ದು ಹೋಗೋ ಇಲ್ಲಿಂದ!" ಎಂದೆ.

"ಎಲ್ಲಿಗೆ ಹೋಗ್ಲಿ ಭಾವ? ನೀನೇ ಹೇಳು. ಇನ್ನೂ ಎಷ್ಟು ಕಡೆ ನೆಟ್ಟಿದೀಯ?"

"ಊರು ತುಂಬ ನೆಟ್ಟಿದೀನಿ! ಎಲ್ಲೆಲ್ಲಿ ಅಡ್ಡಕೊಂಬೆ ಕಾಣ್ಸುತ್ತೋ ಅಲ್ಲೆಲ್ಲ ಹೋಗಿ ಕೂತ್ಕೋ! ನನ್ನ ಬಿಡು!"

ಸಿಟ್ಟಿನಲ್ಲಿ ಹಾಗೆ ಹೇಳಿದೆ. ೧೮೫.

ಫೆಬ್ರವರಿ ೧೭

ಪ್ರೋಖೋರ್ ನೀರಿಗೆ ಬಿದ್ದ. ಬದುಕಿದ್ದಾನೆ. ಜಿಲ್ಲಾ ಆಸ್ಪತ್ರೆಗೆ ಒಯ್ದರು.

ಫೆಬ್ರವರಿ ೧೮

ಮೂರು ದಿನ ಬೆಚ್ಚನೆ ಗಾಳಿ ಬೀಸಿತ್ತು. ತೊರೆ ಬಂದು ಜಲಾಶಯಕ್ಕೆ ಸೇರುವ ಕಡೆ ಗಡ್ಡೆಯನ್ನು ಕೆಳಗಿನಿಂದ ನೀರು ತಿಂದಿತ್ತು. ಮೇಲೆ ಹಿಮ ಮುಚ್ಚಿದ್ದರಿಂದ ಕಣ್ಣಿಗೆ ಏನೂ ತಿಳಿಯುವಂತಿರಲಿಲ್ಲ. ಪ್ರೋಖೋರ್ ಯಂತ್ರದ ಪೆಟ್ಟಿಗೆ ಎಳೆದುಕೊಂಡು ನೇರ ಅಲ್ಲಿಗೆ ನಡೆದ. ರಿನಾತ್ ದಡದ ಕಾವಲು ಠಾಣೆಯಿಂದ ಕಂಡು ಏಣಿ, ಹಗ್ಗ ಹೊತ್ತುಕೊಂಡು ಓಡಿ, ಹೊಟ್ಟೆಯ ಮೇಲೆ ತೆವಳಿ ಎಳೆದುಹಾಕಿದ. ಕಾಲು ತಾಸಿಗಿಂತ ಹೆಚ್ಚು ನೀರಲ್ಲಿದ್ದನಂತೆ.

ನಾನು ನನ್ನ ಜಾಗದಲ್ಲಿದ್ದೆ. ಅಲ್ಲಿಂದ ತೊರೆಯ ಬಾಯಿಗೆ ಸಾವಿರ ಹೆಜ್ಜೆ ಇದ್ದೀತು.

ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಕೂಗು ಕೇಳಿಸಿತ್ತು. "ಭಾವಾ" ಎಂದು ಎರಡು ಸಲ. ಮೀನು ಸಿಕ್ಕಿರಬೇಕು, ಹಂಗಿಸಲು ಕೂಗುತ್ತಿದ್ದಾನೆ ಎಂದುಕೊಂಡು ತಿರುಗಿಯೂ ನೋಡಲಿಲ್ಲ.

ಫೆಬ್ರವರಿ ೨೦

ಊರೆಲ್ಲ ರಿನಾತ್‌ನ ಮೇಲೆ ಬಿದ್ದಿದೆ. ತಾನು ಹಿಂದಿನ ದಿನವೇ ತೊರೆಯ ಬಾಯಿಗೆ ಅಡ್ಡಕೊಂಬೆ ನೆಟ್ಟಿದ್ದೆ ಎನ್ನುತ್ತಾನೆ. ಆದರೆ ಗಡ್ಡೆ ಹಲಗೆಯಂತೆ ಮುರಿದು ಕೊಂಬೆಗಳೂ ಅದರ ಜೊತೆ ಹೋಗಿವೆ. ಸಾಕ್ಷಿ ಏನೂ ಉಳಿದಿಲ್ಲ. ಪ್ರೋಖೋರನ ಹೆಂಡತಿ ಕ್ಲಾವ್ದಿಯಾ ಬ್ರೆಡ್ ಅಂಗಡಿಯ ಮುಂದೆ ಅವನನ್ನು ಅಡ್ಡಗಟ್ಟಿದಳು.

"ಠಾಣೇಲಿ ಕೂತು ಟೀ ಕುಡಿಯೋಕೆ ನಿನಗೆ ಮನೆ ಕೊಟ್ಟಿದ್ದಾ? ಎರಡು ಕೊಂಬೆ ನೆಡೋಕೆ ಸೊಂಟ ಬಗ್ಗಲಿಲ್ವಾ?"

"ನೆಟ್ಟಿದ್ದೆ ಕ್ಲಾವ್ದಿಯಾ ಅಕ್ಕ. ನನ್ನ ಮಕ್ಕಳಾಣೆ."

"ನೆಟ್ಟಿದ್ರೆ ನನ್ನ ಗಂಡ ಯಾಕೆ ಹೋಗ್ತಿದ್ದ? ಅವನೇನು ಕುರುಡನಾ? ಹುಚ್ಚನಾ?"

ನಾನು ಸರದಿಯಲ್ಲಿ ಮೂರನೆಯವನಾಗಿ ನಿಂತಿದ್ದೆ. ಬ್ರೆಡ್ ತೆಗೆದುಕೊಂಡೆ. ಬಂದೆ.

ನಾನು ತೊರೆಯ ಹತ್ತಿರ ಕೊಂಬೆ ನೆಟ್ಟವನಲ್ಲ. ಅಲ್ಲಿ ಬಿದ್ದದ್ದಕ್ಕೂ ನನಗೂ ಏನು ಸಂಬಂಧ? ಅವನು ಯಂತ್ರ ನೋಡಿಕೊಂಡು ನಡೆದಿರಬೇಕು. ಕಣ್ಣು ಯಂತ್ರದ ಮೇಲಿದ್ದರೆ ಕೊಂಬೆ ಹೇಗೆ ಕಾಣುತ್ತದೆ?

ಫೆಬ್ರವರಿ ೨೪

ತಮಾರಾಳ ಜೊತೆ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗಿದ್ದೆ. ಎಡಗಾಲಿನ ಮೂರು ಬೆರಳು ತೆಗೆದಿದ್ದಾರೆ. ಎದೆಯಲ್ಲಿ ಕಫ ಗೊರಗೊರ ಎನ್ನುತ್ತದೆ. ಮುಖ ಸಣ್ಣದಾಗಿದೆ. ತಮಾರಾ ಟೀಗೆ ಬಿಸಿನೀರು ತರಲು ಹೊರಗೆ ಹೋದಾಗ ಅವನು ನನ್ನ ತೋಳು ಹಿಡಿದ.

"ಕೊಂಬೆ ನೋಡಿದೆ ಭಾವ. ಎರಡು ಕಡೆ ಇತ್ತು. ನಗು ಬಂತು ನಂಗೆ. ಮುದುಕ ಇಲ್ಲೂ ಒಂದು ಜಾಗ ಬಚ್ಚಿಟ್ಟಿದಾನೆ ಅಂದ್ಕೊಂಡೆ."

ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಅಧಿಕಾರಿ ಬಂದಿದ್ದ. ಕೊಂಬೆ ಇರ್ಲಿಲ್ಲ ಅಂತ ಬರೆಸಿದೀನಿ."

"ಯಾಕೋ?"

"ಇತ್ತು ಅಂದ್ರೆ ಯಾಕೆ ಹೋದೆ ಅಂತಾನೆ. ಆಮೇಲೆ ನಿನ್ನ ಹೆಸರು ಬರುತ್ತೆ. ಅಕ್ಕ ಈ ವಯಸ್ಸಲ್ಲಿ ಊರಲ್ಲಿ ತಲೆ ತಗ್ಗಿಸ್ಬೇಕಾ? ನಿಂಗೋಸ್ಕರ ಅಲ್ಲ ಮತ್ತೆ. ನೀನು ಹಾಳಾಗಿ ಹೋಗು."

ನನಗೆ ಹಗುರವಾಯಿತು. ಹೌದು, ಹಗುರವಾಯಿತು. ವಾಪಸು ಬರುವ ಬಸ್ಸಿನಲ್ಲಿ ನಿದ್ದೆಯೂ ಬಂತು. ಎಚ್ಚರಾದಾಗ ತಮಾರಾ ನನ್ನ ಭುಜಕ್ಕೆ ಶಾಲು ಹೊದಿಸಿದ್ದಳು. ಅದನ್ನು ಕಿತ್ತು ಎಸೆಯಬೇಕು ಅನ್ನಿಸಿತು. ಯಾಕೋ ತಿಳಿಯದು.

ಫೆಬ್ರವರಿ ೨೬

ದಡದಲ್ಲಿ ರಿನಾತ್ ಸಿಕ್ಕ. ಒಂದನೇ ತಾರೀಖು ಗ್ರಾಮಸಭೆಯ ಕೋಣೆಯಲ್ಲಿ ವಿಚಾರಣೆ. ಕೆಲಸ ಹೋದರೆ ಠಾಣೆಯ ಮನೆಯೂ ಹೋಗುತ್ತದೆ. ಕೇಸೂ ಆಗಬಹುದು.

"ಯೆಗೊರಿಚ್, ನೀವು ಎಪ್ಪತ್ತು ವರ್ಷ ಈ ಗಡ್ಡೆ ಮೇಲೆ ಓಡಾಡಿದೀರಿ. ಒಂದು ಹೇಳಿ. ಗಟ್ಟಿಯಾಗಿ ನೆಟ್ಟ ಕೊಂಬೆ ಒಂದು ರಾತ್ರೀಲಿ, ಪ್ರೋಖೋರ್ ಬರೋಷ್ಟರಲ್ಲಿ, ತಾನಾಗೇ ಮಾಯ ಆಗುತ್ತಾ?"

"ಗಾಳಿ ಇತ್ತಲ್ಲ" ಎಂದೆ.

"ನಾನು ಹಾರೆಯಲ್ಲಿ ಗುಳಿ ಹೊಡ್ದು, ನೀರು ಹುಯ್ದು, ಹೆಪ್ಪುಗಟ್ಟಿಸಿ ನೆಡೋನು. ನಿಮಗೆ ಗೊತ್ತು."

"ಗಾಳಿ ಜೋರಿತ್ತು."

ಅವನು ನನ್ನ ಮುಖ ನೋಡಿದ. "ನನಗೇ ಅನುಮಾನ ಬರ್ತಿದೆ ಈಗ. ನೆಟ್ನೋ ಇಲ್ವೋ, ಕನಸಲ್ಲಿ ನೆಟ್ನೋ" ಎಂದು ಹೋದ.

ಒಬ್ಬ ಮನುಷ್ಯನಿಗೆ ತನ್ನ ಕೈಯ ಮೇಲೇ ನಂಬಿಕೆ ಹೋಗುವಂತೆ ಮಾಡಿದೆ.

ಫೆಬ್ರವರಿ ೨೭

ನನ್ನ ಜಾಗದ ಕೊಂಬೆ ಕೀಳಲು ಹೋದೆ. ಎಂಟನ್ನೂ ಕಿತ್ತೆ. ಅಷ್ಟಕ್ಕೆ ಬರಬೇಕಿತ್ತು. ತೂತು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಗಾಳ ಬಿಟ್ಟೆ. ಹನ್ನೊಂದು ಹಿಡಿದೆ. ಕೈ ನಿಲ್ಲಲಿಲ್ಲ.

ಮೀನನ್ನು ಮನೆಗೆ ತರಲಿಲ್ಲ, ಕಾಗೆಗಳಿಗೆ ಬಿಟ್ಟು ಬಂದೆ. ಅದೂ ತಪ್ಪೇ.

ಫೆಬ್ರವರಿ ೨೮

೧೯೦.

ಮಾರ್ಚ್ ೧

ಕೋಣೆ ತುಂಬಿತ್ತು. ಜಿಲ್ಲೆಯಿಂದ ಬಂದ ಅಧಿಕಾರಿ ಸಣ್ಣ ವಯಸ್ಸಿನವನು, ಕನ್ನಡಕ. ಪ್ರೋಖೋರನ ಹೇಳಿಕೆ ಓದಿದ. ಗುರುತಿನ ಕೊಂಬೆ ಇರಲಿಲ್ಲ ಎಂದು ಅದರಲ್ಲಿತ್ತು. ರಿನಾತ್ ಎದ್ದು ನಿಂತು, "ನೆಟ್ಟ ನೆನಪು" ಎಂದ. ಮೊನ್ನೆಯವರೆಗೆ "ನೆಟ್ಟಿದ್ದೆ" ಎನ್ನುತ್ತಿದ್ದ.

ನಾನು ಎದ್ದೆ.

"ಕೂತ್ಕೊಳ್ಳಿ ತಾತ. ನಿಮ್ಮ ಸರದಿ ಬಂದಾಗ ಹೇಳೋರಂತೆ."

"ನನ್ನ ಸರದಿ ಹೋದ ತಿಂಗಳೇ ಬಂದಿತ್ತು" ಎಂದೆ. "ಕೊಂಬೆ ಇತ್ತು. ಪ್ರೋಖೋರ್ ನೋಡಿದಾನೆ. ನೋಡೇ ಹೋದ. ಯಾಕಂದ್ರೆ ನಾನು ಪರ್ಚ್ ಸಿಗೋ ಜಾಗ ಬಚ್ಚಿಡೋಕೆ ಒಳ್ಳೇ ಗಡ್ಡೆ ಮೇಲೆ ಅಡ್ಡಕೊಂಬೆ ನೆಟ್ಟಿದ್ದೆ. ಅವನಿಗೆ ಗೊತ್ತಾಯ್ತು. ಎಲ್ಲಿ ಅಡ್ಡಕೊಂಬೆ ಕಂಡ್ರೂ ಹೋಗಿ ಕೂತ್ಕೋ ಅಂತ ನಾನೇ ಹೇಳಿದ್ದೆ. ಅವನು ಹೋದ."

ಹಿಂದಿನಿಂದ ಯಾರೋ, "ಮೀನಿಗೋಸ್ಕರಾನಾ?" ಎಂದರು.

"ಮೀನಿಗೋಸ್ಕರ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ತಿರುಗಿ ಬೈಯಲು ಬರುತ್ತಿತ್ತು. ಕ್ಲಾವ್ದಿಯಾ ಮಾತ್ರ ಎದ್ದು ಬಂದು ನನ್ನ ಟೋಪಿಯನ್ನು ತಲೆಯಿಂದ ಕಿತ್ತು ನೆಲಕ್ಕೆ ಹಾಕಿ ಹೊರಗೆ ನಡೆದಳು. ಟೋಪಿಯನ್ನು ಯಾರೂ ಎತ್ತಿಕೊಡಲಿಲ್ಲ. ನಾನೂ ಎತ್ತಿಕೊಳ್ಳಲಿಲ್ಲ.

ಮನೆಯಲ್ಲಿ ತಮಾರಾ ಕೋಟು ಬಿಚ್ಚದೆ ಕೂತಿದ್ದಳು.

"ಅವನು ನೀರಲ್ಲಿದ್ದಾಗ ನೀನು ಎಲ್ಲಿದ್ದೆ?"

"ನನ್ನ ಜಾಗದಲ್ಲಿ."

"ಅವತ್ತು ತಂದಿದ್ಯಲ್ಲ, ಹತ್ತೊಂಬತ್ತು ಮೀನು. ನಾನು ಕೆರೆದು ಉಪ್ಪು ಹಾಕಿದ್ದು. ಅಲ್ಲಿಂದಾನಾ?"

ಹೌದು ಎಂದೆ. ಅವಳು ಎದ್ದು ಹಿತ್ತಿಲಿಗೆ ಹೋದಳು. ಕಕ್ಕುವ ಸದ್ದು ಕೇಳಿಸಿತು. ಕೂಗು ಕೇಳಿಸಿತ್ತು ಎಂಬುದನ್ನು ಹೇಳಲಿಲ್ಲ. ಅದನ್ನೂ ಹೇಳಬೇಕಾಗುತ್ತದೆ.

ಮಾರ್ಚ್ ೨

ಹೇಳಿದೆ.

ಮಾರ್ಚ್ ೪

ರಿನಾತ್ ಬಾಗಿಲು ತಟ್ಟಿದ. ಕೆಲಸ ಉಳಿಯಿತಂತೆ. ಒಳಗೆ ಬಾ ಎಂದೆ. ಬರಲಿಲ್ಲ.

"ಉಪಕಾರ ಆಯ್ತು ಅಂತೀನಿ ಅಂದ್ಕೊಂಡ್ರಾ, ಯೆಗೊರಿಚ್?"

"ಇಲ್ಲ."

"ಒಳ್ಳೇದು. ನಿಮ್ಮ ಕಥೆ ಜಿಲ್ಲೆಗೆಲ್ಲ ಹಬ್ಬಿದೆ. ಇವತ್ತು ಬೆಳಿಗ್ಗೆ ತೊರೆ ಹತ್ರ ನನ್ನ ಅಡ್ಡಕೊಂಬೆ ಒಳಗೇ ಇಬ್ರು ಬೈರಿಗೆ ಹಿಡ್ಕೊಂಡು ನಿಂತಿದ್ರು. ಕೇಳಿದ್ರೆ, ಅಡ್ಡಕೊಂಬೆ ಇರೋ ಕಡೆ ಪರ್ಚ್ ಇರುತ್ತಂತೆ ಅಂತಾರೆ! ಕುತ್ತಿಗೆಪಟ್ಟಿ ಹಿಡಿದು ಎಳ್ಕೊಂಡು ಬಂದೆ. ಮೊದ್ಲು ಕೊಂಬೆ ಕಂಡ್ರೆ ಜನ ದೂರ ಹೋಗ್ತಿದ್ರು. ಈಗ ಓಡಿ ಬರ್ತಾರೆ. ಎಲ್ಲಾ ಕಿತ್ತು ಹಾಕಿದೀನಿ."

"ಮತ್ತೆ ಗುರುತಿಗೆ ಏನು ಮಾಡ್ತೀಯ?"

"ನೀವು ನಿಂತ್ಕೊಳ್ಳಿ" ಎಂದ. "ಬೆಳಕು ಹರಿಯೋದ್ರಿಂದ ಜನ ವಾಪಸ್ ಹೋಗೋವರೆಗೂ. ಗಡ್ಡೆ ಕರಗೋವರೆಗೂ."

ಒತ್ತಡ ಇದೆ ಎಂದು ಹೇಳಲು ಬಾಯಿ ತೆರೆದೆ. ಮುಚ್ಚಿದೆ.

ಮಾರ್ಚ್ ೫

ನಿಂತೆ. ಗಾಳ ಒಯ್ಯಲಿಲ್ಲ. ಬರೀ ಹಾರೆ. ನಿಲ್ಲುವುದು ಕೂರುವುದಕ್ಕಿಂತ ಚಳಿ.

ಮಾರ್ಚ್ ೯

ಪಟ್ಟಣದಿಂದ ಬಂದ ನಾಲ್ವರು. ಹೊಸ ಹೊಸ ಅಂಗಿ, ಮೋಟಾರಿನ ಬೈರಿಗೆ. ನೇರ ನನ್ನ ಕಡೆಗೇ ಬಂದರು.

"ನಿಲ್ರೋ! ಇಲ್ಲಿ ಗಡ್ಡೆ ಇಲ್ಲ!"

"ನೀನು ನಿಂತಿದೀಯಲ್ಲ ತಾತ!"

"ನಾನು ಅಂಚಲ್ಲಿ ನಿಂತಿದೀನಿ. ಇಲ್ಲಿಂದ ಮುಂದೆ ನೀರು."

ಒಬ್ಬ ಇನ್ನೊಬ್ಬನಿಗೆ ಕಣ್ಣು ಹೊಡೆದ. "ಇವನೇ ಕಣೋ ಆ ಮುದುಕ. ಕೊಂಬೆ ಬಿಟ್ಟು ಈಗ ತಾನೇ ನಿಂತಿದಾನೆ. ಅಂದ್ರೆ ಇಲ್ಲಿ ಭಾರೀ ಮೀನಿರ್ಬೇಕು."

ಗಂಟಲು ಹರಿಯುವ ಹಾಗೆ ಬೈದೆ. ನಕ್ಕರು. ಬೈದಷ್ಟೂ ಅವರಿಗೆ ಮೀನು ದೊಡ್ಡದಾಗಿ ಕಾಣಿಸಿತು. ಹಾರೆ ಎತ್ತಿ ನನ್ನ ಮುಂದೆ ಒಂದೇ ಒಂದು ಏಟು ಹಾಕಿದೆ. ಹಾರೆ ಬೆಣ್ಣೆಗೆ ಇಳಿದಂತೆ ಇಳಿದು, ಕಪ್ಪು ನೀರು ಉಕ್ಕಿ ನನ್ನ ಉಣ್ಣೆಯ ಬೂಟಿನವರೆಗೆ ಹರಿಯಿತು. ಹಿಂದಕ್ಕೆ ಸರಿದರು. ಆದರೂ ಪಕ್ಕಕ್ಕೆ ಐವತ್ತು ಹೆಜ್ಜೆ ಹೋಗಿ ನೋಡೋಣ ಎಂದು ಒಬ್ಬ ಶುರು ಮಾಡಿದ.

ಆಗ ಹೇಳಿಬಿಟ್ಟೆ. ಹಾಲಿನ ಕಾರ್ಖಾನೆಯ ಚಿಮಣಿಗೆ ಬೆನ್ನು ಕೊಡಿ, ಎರಡು ಸಾವಿರದ ಇನ್ನೂರು ಹೆಜ್ಜೆ, ಅಲ್ಲಿಂದ ಉತ್ತರಕ್ಕೆ ಐನೂರ ನಲವತ್ತು, ಗುಂಡು ಬಿಟ್ಟು ಬೆರಳಿಗೆ ಟಕ್ ಅಂದರೆ ಅಲ್ಲೇ ಕೂರಿ, ಹುಳು ಎರಡು ಚುಚ್ಚಿ, ಮೊಳದಷ್ಟು ಎತ್ತಿ, ಜಾಸ್ತಿ ಬೇಡ. ಕೋಲು ಹೇಗೆ ನಡುಗಿಸಬೇಕು ಎಂಬುದನ್ನೂ ಬರಿಗೈಯಲ್ಲಿ ಮಾಡಿ ತೋರಿಸಿದೆ.

ಮಧ್ಯಾಹ್ನ ವಾಪಸು ಹೋಗುವಾಗ ದೂರದಿಂದ ಪೆಟ್ಟಿಗೆ ಎತ್ತಿ ತೋರಿಸಿದರು. ತುಂಬಿತ್ತಂತೆ. ನನ್ನ ತಟ್ಟೆಯಿಂದ ಎತ್ತಿ ತಿಂದ ಹಾಗೆ ಆಯಿತು ಮೊದಲು. ನಾಲ್ಕು ತಲೆ ಎಣಿಸಿದೆ. ನಾಲ್ಕೂ ದಡ ಸೇರಿದವು.

ಒತ್ತಡ ನೋಡಿಕೊಳ್ಳಲು ಮರೆತೆ.

ಮಾರ್ಚ್ ೧೫

ಈಗ ಅಲ್ಲಿ ದಿನಾ ಮೂವತ್ತು, ನಲವತ್ತು ಜನ ಕೂರುತ್ತಾರೆ. ನನ್ನ ಕಡೆಗೆ ಬರುವವರು ಕಡಿಮೆ. ಬಂದವರಿಗೂ ಕೈ ತೋರಿಸಿ ಅಲ್ಲಿಗೇ ಕಳಿಸುತ್ತೇನೆ.

ಪ್ರೋಖೋರ್ ಮನೆಗೆ ಬಂದಿದ್ದಾನೆ. ತಮಾರಾ ಮೀನಿನ ಸಾರು ಮಾಡಿ ಜಾಡಿಯಲ್ಲಿ ಕಳಿಸಿದಳು. ಮೀನು ಅಂಗಡಿಯದ್ದು. ಒಯ್ದವನು ನಾನು. ಕ್ಲಾವ್ದಿಯಾ ಬಾಗಿಲು ತೆಗೆದು, ಜಾಡಿ ನೋಡಿ, ಹಾಗೇ ಮುಚ್ಚಿದಳು. ಒಳಗಿನಿಂದ ಅವನ ಕೆಮ್ಮು ಕೇಳಿಸಿತು. "ಪ್ರೋಖೋರ್" ಎಂದು ಕರೆದೆ. ಕೆಮ್ಮು ನಿಂತಿತು.

ಸಭೆಯಲ್ಲಿ ನಾನು ಬಾಯಿಬಿಟ್ಟದ್ದರಿಂದ ಅವನು ಸುಳ್ಳು ಬರೆಸಿದವನಾದ. ಅಧಿಕಾರಿ ಮತ್ತೆ ಬಂದು ಬೈದು ಹೋದನಂತೆ. ಅದು ನನಗೆ ಹೊಳೆದಿರಲಿಲ್ಲ. ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದರ ಮೇಲೆ ಕಾಲಿಡುತ್ತೇನೆ.

ಮಾರ್ಚ್ ೨೨

ಬಿಸಿಲು. ಹಿಮದ ಮೇಲೆ ನೀರಿನ ತೆಳುಪದರ ನಿಂತು ಕಣ್ಣು ಕುಕ್ಕುತ್ತದೆ. ಹತ್ತು ಗಂಟೆಯ ಹೊತ್ತಿಗೆ ದಡದಿಂದ ಯಾರೋ ಒಬ್ಬ ಊರುಗೋಲು ಊರುತ್ತಾ ಬರುತ್ತಿರುವುದು ಕಂಡಿತು. ನಡಿಗೆಯ ಗುರುತು ಸಿಗಲಿಲ್ಲ. ಟೋಪಿ ನೋಡಿ ತಿಳಿಯಿತು. ಪ್ರೋಖೋರ್.

ಜನ ಕೂತಿರುವ ಕಡೆಗೆ ತಿರುಗುತ್ತಾನೆ ಎಂದುಕೊಂಡೆ. ತಿರುಗಲಿಲ್ಲ. ನೇರ ತೊರೆಯ ಬಾಯಿಗೇ, ನಾನಿರುವ ಕಡೆಗೇ. ಊರುಗೋಲಿನ ಮೊನೆ ಗಡ್ಡೆಗೆ ನಾಟುವ ಸದ್ದು ಕೇಳಿಸುವಷ್ಟು ಹತ್ತಿರ ಬಂದ. ನಾನು ಹೇಳಿದ್ದಕ್ಕೆಲ್ಲ ಅವನು ನಗಬೇಕಾದವನು. ಈ ಊರಿನಲ್ಲಿ ನನ್ನ ಮಾತು ನಂಬದಿರಲು ಅವನಿಗಿರುವಷ್ಟು ಕಾರಣ ಇನ್ಯಾರಿಗೂ ಇಲ್ಲ.

"ನಿಲ್ಲು!" ಎಂದೆ. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ಸಣ್ಣ ದನಿ ಬಂತು. "ಪ್ರೋಖೋರ್, ನಿಲ್ಲು. ಅಲ್ಲೇ."

ನಿಂತ.

"ಇಲ್ಲೇನಾ?"

"ಅಲ್ಲೇ."

"ಇನ್ನೊಂದು ಹೆಜ್ಜೆ?"

"ಅರ್ಧ ಹೆಜ್ಜೆಯೂ ಬೇಡ."

ಅವನು ತನ್ನ ಕಾಲ ಕೆಳಗೆ ನೋಡಿಕೊಂಡ. ಎಲ್ಲ ಕಡೆ ಇದ್ದಂತೆ ಬೆಳ್ಳಗೇ ಇತ್ತು. ಊರುಗೋಲಿನಿಂದ ಕುಟ್ಟಿ ನೋಡುತ್ತಾನೆ ಎಂದು ಕಾದೆ. ಕುಟ್ಟಲಿಲ್ಲ. ಬೆನ್ನ ಮೇಲಿದ್ದ ಮಡಿಸುವ ಕುರ್ಚಿ ಇಳಿಸಿ, ನಾನು ಹೇಳಿದ ಜಾಗದಲ್ಲೇ ಬಿಚ್ಚಿ ಕೂತ. ನೋವಿನ ಕಾಲನ್ನು ಮುಂದಕ್ಕೆ ಚಾಚಿಕೊಂಡ.

ಮಧ್ಯಾಹ್ನದವರೆಗೆ ಕೂತಿದ್ದ. ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಇಬ್ಬರು ಅಪರಿಚಿತರು ನನ್ನ ಕೂಗಿಗೆ ಕಿವಿಗೊಡದೆ ಬರುತ್ತಿದ್ದಾಗ, ಕೂತಲ್ಲಿಂದಲೇ ಅವರ ಕಡೆ ತಿರುಗಿ, "ಅವನು ಹೇಳಿದ್ದು ನಿಜ" ಎಂದ. ಅವರು ಹಿಂದಕ್ಕೆ ಹೋದರು.

ಸಂಜೆ ಹಾರೆ ಹಾಕಿ ನೋಡಿದೆ. ನೀರು ಈ ಕಡೆಗೂ ತಿನ್ನುತ್ತಾ ಬರುತ್ತಿದೆ. ನಾಳೆ ಹತ್ತು ಹೆಜ್ಜೆ ಹಿಂದೆ ನಿಲ್ಲಬೇಕು. ಅವನು ಬಂದರೆ ಅವನ ಕುರ್ಚಿಯನ್ನೂ ಹತ್ತು ಹೆಜ್ಜೆ ಹಿಂದಕ್ಕೆ ಹಾಕಿಸಬೇಕು.